ಮುರಿದದ್ದು ಡಿ 9 ಮಣಿ, ಸ್ಪರ್ಶ ಇರುವುದು ಹೊಕ್ಕುಳದ ಕೆಳಗಿನವರೆಗೆ. ರಿಪೋರ್ಟ್ ತಪ್ಪಾ? ಬೆನ್ನುಹುರಿ ಬಗ್ಗೆ ತಿಳಿದವರು ಹೇಳಿ

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಭಾವ, ಅಂದರೆ ಅಕ್ಕನ ಗಂಡ, ಆಷಾಢದಲ್ಲಿ ಅಡಿಕೆ ಮರದಿಂದ ಬಿದ್ದರು. ಕೊಳೆ ಔಷಧಿ ಹೊಡೆಯಲು ಹತ್ತಿದ್ದರು. ಆ ವಾರ ಮರ ಹತ್ತುವ ಕೊನೆಗೌಡ ಬರಲಿಲ್ಲ. ಎರಡು ದಿನ ಮಳೆ ಹೊಳವಾಗಿತ್ತು, ಈಗ ಬಿಟ್ಟರೆ ಆಗುವುದಿಲ್ಲ ಅಂತ ತಾವೇ ಹತ್ತಿದರು. ಮರಕ್ಕೆ ಪಾಚಿ ಕಟ್ಟಿತ್ತು. ಸುಮಾರು 25 ಅಡಿ ಮೇಲಿಂದ ಜಾರಿದರು. ಕಾಲುವೆ ಅಂಚಿಗೆ ಬೆನ್ನು ಬಡಿಯಿತು.

ಆಪರೇಷನ್ ಆಗಿದೆ, ರಾಡು ಸ್ಕ್ರೂ ಹಾಕಿದ್ದಾರೆ. ಈಗ ಎರಡೂವರೆ ತಿಂಗಳಾಯಿತು. ಕಾಲು ಎರಡರಲ್ಲೂ ಸ್ವಾಧೀನ ಇಲ್ಲ. ಮನೆಗೆ ಕಳಿಸುವಾಗ ಐದು ನಿಮಿಷ ಕೂತು ವಿವರವಾಗಿ ಹೇಳಲು ಅಲ್ಲಿ ಯಾರಿಗೂ ಪುರುಸೊತ್ತು ಇರಲಿಲ್ಲ. ಫೈಲು ಕೊಟ್ಟರು, ಅಷ್ಟೇ. ರಾತ್ರಿ ಹೊತ್ತು ಆ ಫೈಲು ಹಿಡಿದು ಮೊಬೈಲ್‌ನಲ್ಲಿ ಹುಡುಕಿ ಹುಡುಕಿ ಓದುತ್ತಿದ್ದೇನೆ. ಮೂರು ವಿಷಯ ತಲೆಗೆ ಹತ್ತುತ್ತಿಲ್ಲ.

ಒಂದು, ರಿಪೋರ್ಟ್‌ನಲ್ಲಿ ಡಿ 9 ಮಣಿ, ಅಂದರೆ ಬೆನ್ನಿನ 9ನೇ ಮೂಳೆ, ಒಡೆದಿದೆ ಅಂತ ಇದೆ. ಹೊಕ್ಕುಳದ ಜಾಗ ಡಿ 10 ಅಂತ ಓದಿದೆ. ಹಾಗಾದರೆ ಹೊಕ್ಕುಳದ ಮೇಲೇ ಸ್ಪರ್ಶ ನಿಲ್ಲಬೇಕಿತ್ತು ಅಲ್ವಾ? ಭಾವನಿಗೆ ಹೊಕ್ಕುಳಕ್ಕಿಂತ ಎರಡು ಮೂರು ಬೆರಳು ಕೆಳಗಿನವರೆಗೂ ಮುಟ್ಟಿದ್ದು ಗೊತ್ತಾಗುತ್ತದೆ.

ಎರಡು, ಮೊದಲ ಒಂದೂವರೆ ತಿಂಗಳು ಕಾಲು ಬಟ್ಟೆಯಂತೆ ಬಿದ್ದಿರುತ್ತಿತ್ತು. ಈಗ ಹದಿನೈದು ದಿನದಿಂದ ಹೊದಿಕೆ ಪಾದಕ್ಕೆ ತಾಗಿದರೆ ಸಾಕು, ಮೊಣಕಾಲು ಥಟ್ಟನೆ ಮಡಚಿಕೊಳ್ಳುತ್ತದೆ. ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಕಾಲು ಬಂತು ಅಂತ ನಂಬಿದ್ದಾಳೆ. ಬಂತಾ?

ಮೂರು, ಮೂತ್ರದ ವಿಷಯ. ಕ್ಯಾಥೆಟರ್ ಇದೆ. ಕಾಲಿಗೂ ಮೂತ್ರಕ್ಕೂ ಏನು ಸಂಬಂಧ?

---

ಪಾಠದಕ್ಕ, ಕಾರವಾರ

ತೋಟದಮನೆಯವರೇ, ನಾನು ಡಾಕ್ಟರ್ ಅಲ್ಲ. ನರ್ಸಿಂಗ್ ಓದುವ ಮಕ್ಕಳಿಗೆ 26 ವರ್ಷ ಶರೀರ ರಚನೆ ಪಾಠ ಮಾಡಿ ನಿವೃತ್ತಳಾದವಳು. ರಚನೆಯ ಮಟ್ಟಿಗೆ ಹೇಳಬಲ್ಲೆ. ಚಿಕಿತ್ಸೆಯ ಮಾತು ಡಾಕ್ಟರರದ್ದೇ.

ರಿಪೋರ್ಟ್ ತಪ್ಪಿಲ್ಲ, ನಿಮ್ಮ ಭಾವ ಹೇಳುತ್ತಿರುವುದೂ ಸರಿ. ನೀವು ಮೂಳೆಯ ಲೆಕ್ಕ ಮತ್ತು ಹುರಿಯ ಲೆಕ್ಕ ಒಂದೇ ಅಂದುಕೊಂಡಿದ್ದೀರಿ. ನನ್ನ ಮಕ್ಕಳೂ ಪ್ರತಿ ವರ್ಷ ಇಲ್ಲೇ ಎಡವುತ್ತಿದ್ದರು.

ನಿಮ್ಮ ಮೊಣಕೈಯಿಂದ ನಡುಬೆರಳ ತುದಿವರೆಗೆ ನೋಡಿ. ಒಂದು ಮೊಳ. ದೊಡ್ಡವರ ಬೆನ್ನುಹುರಿ ಹೆಚ್ಚುಕಮ್ಮಿ ಅಷ್ಟೇ ಉದ್ದ. ಗಂಡಸರಲ್ಲಿ ಸುಮಾರು 45 ಸೆಂ.ಮೀ., ಹೆಂಗಸರಲ್ಲಿ ಒಂದೆರಡು ಸೆಂ.ಮೀ. ಕಮ್ಮಿ. ದಪ್ಪ ಕಿರುಬೆರಳಿನಷ್ಟು. ಆದರೆ ಅದನ್ನು ಒಳಗಿಟ್ಟುಕೊಂಡಿರುವ ಬೆನ್ನುಮೂಳೆಯ ಸಾಲು 70 ಸೆಂ.ಮೀ. ಹತ್ತಿರ ಇರುತ್ತದೆ. ಮೊಳದುದ್ದದ ಹುರಿ ಒಂದೂವರೆ ಮೊಳದ ಕೊಳವೆಯೊಳಗೆ ಇದೆ ಅನ್ನಿ. ಮೇಲೆ ತಲೆಬುರುಡೆಯ ತಳದಲ್ಲಿ ಮೆದುಳಿಗೆ ಸೇರಿಕೊಂಡಿದೆ. ಕೆಳಗೆ ಸೊಂಟದ ಮೊದಲನೇ ಮತ್ತು ಎರಡನೇ ಮಣಿಯ ಹತ್ತಿರ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಹುರಿಯೇ ಇಲ್ಲ.

ಮೊದಲಿಂದ ಹೀಗಿರುವುದಿಲ್ಲ. ಹೊಟ್ಟೆಯಲ್ಲಿ ಮೂರು ತಿಂಗಳ ಶಿಶು ಇದ್ದಾಗ ಹುರಿಯೂ ಮೂಳೆಯೂ ಸರಿಸಮ. ಆಮೇಲೆ ಮೂಳೆ ಬೇಗ ಬೇಗ ಉದ್ದವಾಗುತ್ತದೆ, ಹುರಿ ಹಿಂದೆ ಬೀಳುತ್ತದೆ. ಹುಟ್ಟುವ ಹೊತ್ತಿಗೆ ಹುರಿಯ ತುದಿ ಸೊಂಟದ ಮೂರನೇ ಮಣಿಯ ಹತ್ತಿರ ಬಂದಿರುತ್ತದೆ. ನರಗಳು ಮಾತ್ರ ತಮ್ಮ ತಮ್ಮ ಮಣಿಯ ಪಕ್ಕದ ಕಿಂಡಿಯನ್ನು ಬಿಡುವುದಿಲ್ಲ. ಹುರಿ ಮೇಲೆ ಉಳಿದಷ್ಟೂ ಅವು ಓರೆಯಾಗಿ ಉದ್ದವಾಗುತ್ತವೆ. ಕುತ್ತಿಗೆಯಲ್ಲಿ ಅಡ್ಡಕ್ಕೆ ಹೊರಡುತ್ತವೆ, ಎದೆಯ ಕೆಳಗೆ ಇಳಿಜಾರಾಗಿ, ಸೊಂಟಕ್ಕೆ ಬಂದರೆ ನೇರ ಕೆಳಮುಖ. ಹುರಿ ಮುಗಿದ ಮೇಲೆ ಉಳಿದ ಈ ನರಗಳ ಗೊಂಚಲಿಗೆ ಲ್ಯಾಟಿನ್‌ನಲ್ಲಿ ಕಾಡಾ ಇಕ್ವೈನಾ ಎಂದು ಹೆಸರು, ಅಂದರೆ ಕುದುರೆ ಬಾಲ. ಶವ ಇಡುವ ಫಾರ್ಮಾಲಿನ್ ತೊಟ್ಟಿಯಲ್ಲಿ ಅದನ್ನು ಕೈಯಿಂದ ಬಿಡಿಸಿದವರಿಗೆ ಆ ಹೆಸರು ಮರೆಯುವುದಿಲ್ಲ. ಎಳೆ ಎಳೆಯಾಗಿ ನೀರಿನಲ್ಲಿ ತೇಲುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಒಂದು ಜೊತೆ ನರ ಹೊರಡುವಷ್ಟು ಹುರಿಗೆ ಒಂದು ತುಂಡು ಅನ್ನೋಣ. ಬೆನ್ನಿನ 9ನೇ ಮಣಿಯ ಹಿಂದೆ ಹುರಿಯ 9ನೇ ತುಂಡು ಕೂತಿರುವುದಿಲ್ಲ. ಅಲ್ಲಿ ಇರುವುದು ಸುಮಾರಾಗಿ 11-12ನೇ ತುಂಡು. ಹೊಕ್ಕುಳವನ್ನು ನೋಡಿಕೊಳ್ಳುವ 10ನೇ ತುಂಡು ಅದಾಗಲೇ ಮೇಲೆ ಮುಗಿದಿದೆ, ಏಟು ತಾಗಿಲ್ಲ. ಆದ್ದರಿಂದಲೇ ಹೊಕ್ಕುಳ ಉಳಿದಿದೆ. ಭಾವನ ಹೊಟ್ಟೆಯ ಮೇಲಿನ ಆ ಗೆರೆ, ಪುಸ್ತಕ ಹೇಳುವ ಜಾಗದಲ್ಲೇ ಇದೆ.

ಎರಡನೇ ಪ್ರಶ್ನೆಗೆ ಉತ್ತರ ಗೊತ್ತಿದೆ, ಆದರೆ ನಿಮ್ಮ ಅಕ್ಕನ ದೀಪದ ಮಾತು ಓದಿ ಕೈ ತಡೆಯಿತು. ನಾಳೆ ಬೆಳಿಗ್ಗೆ ಸರಿಯಾಗಿ ಬರೆಯುತ್ತೇನೆ.

---

ಪಿಯು ಎರಡನೇ ವರ್ಷ, ಹೊನ್ನಾವರ

ಟೀಚರ್, ಮಧ್ಯೆ ಬಂದೆ, ಕ್ಷಮಿಸಿ. ಕುತ್ತಿಗೆಯಲ್ಲಿ 7 ಮಣಿ, ಆದರೆ ನರ 8 ಜೊತೆ ಅಂತ ನಮ್ಮ ಪುಸ್ತಕದಲ್ಲಿದೆ. ಅದು ಹೇಗೆ?

---

ಪಾಠದಕ್ಕ, ಕಾರವಾರ

ಒಳ್ಳೆಯ ಪ್ರಶ್ನೆ ಪುಟ್ಟಿ. ಮೊದಲ ನರ, ಮೊದಲ ಮಣಿಗೂ ತಲೆಬುರುಡೆಗೂ ನಡುವಿನಿಂದ ಹೊರಡುತ್ತದೆ. ಹಾಗಾಗಿ ಕುತ್ತಿಗೆಯ 1ರಿಂದ 7ರವರೆಗಿನ ನರ ತನ್ನ ಮಣಿಯ ಮೇಲಿಂದ ಬರುತ್ತದೆ. 7ನೇ ಮಣಿಯ ಕೆಳಗೆ, ಬೆನ್ನಿನ ಮೊದಲ ಮಣಿಯ ಮೇಲೆ, ಒಂದು ಕಿಂಡಿ ಉಳಿಯಿತಲ್ಲ, ಅಲ್ಲಿಂದ ಬರುವುದು 8ನೆಯದು. ಅಲ್ಲಿಂದ ಮುಂದೆ ಎಲ್ಲ ನರಗಳೂ ತಮ್ಮ ಮಣಿಯ ಕೆಳಗಿನಿಂದ. ಕುತ್ತಿಗೆ 8, ಬೆನ್ನು 12, ಸೊಂಟ 5, ತ್ರಿಕಾಸ್ಥಿ 5, ಬಾಲದೆಲುಬು 1. ಕೂಡಿಸು, 31 ಜೊತೆ.

ಪ್ರತಿ ನರಕ್ಕೂ ಎರಡು ಬೇರು. ಹಿಂದಿನ ಬೇರಿನಲ್ಲಿ ಸುದ್ದಿ ಒಳಗೆ ಬರುತ್ತದೆ: ಬಿಸಿ, ನೋವು, ಸ್ಪರ್ಶ. ಮುಂದಿನ ಬೇರಿನಲ್ಲಿ ಅಪ್ಪಣೆ ಹೊರಗೆ ಹೋಗುತ್ತದೆ: ಸ್ನಾಯು ಎಳೆ, ಬಿಡು. ಲಂಡನ್ನಿನ ಚಾರ್ಲ್ಸ್ ಬೆಲ್ 1811ರಲ್ಲಿ ಮುಂದಿನ ಬೇರಿನ ಕೆಲಸ ಕಂಡರು. ಫ್ರಾನ್ಸಿನ ಮಜಾಂದಿ 1822ರಲ್ಲಿ ಎರಡನ್ನೂ ಬೇರೆ ಬೇರೆ ಕತ್ತರಿಸಿ ತೋರಿಸಿದರು. ನಾಯಿಮರಿಗಳ ಮೇಲೆ ಮಾಡಿದ ಪ್ರಯೋಗ ಅದು. ಪಾಠ ಮಾಡುವಾಗ ಆ ಮರಿಗಳ ನೆನಪು ಮಾಡದೆ ನಾನು ಮುಂದೆ ಹೋಗುತ್ತಿರಲಿಲ್ಲ.

---

ಬಂದರಿನವ, ತದಡಿ

ಅಕ್ಕಾ, ನನ್ನದೂ ಒಂದು. ಬೋಟ್‌ನಲ್ಲಿ ಬಲೆ ಎಳೆದು ಎಳೆದು ಸೊಂಟ ಹೋಗಿದೆ. ನೋವು ಸೊಂಟದಲ್ಲಿ ಕಮ್ಮಿ, ಕಾಲಿನಲ್ಲಿ ಜಾಸ್ತಿ. ಕುಂಡೆಯಿಂದ ತೊಡೆಯ ಹಿಂದೆ ಇಳಿದು, ಮೊಣಕಾಲ ಕೆಳಗೆ ಹೊರಬದಿಯಲ್ಲಿ ಹರಿದು, ಪಾದದ ಮೇಲಿಂದ ಹೆಬ್ಬೆರಳಿಗೆ ಬಂದು ನಿಲ್ಲುತ್ತದೆ. ಸೀನಿದರೆ ಕರೆಂಟು ಹೊಡೆದಂತೆ. ಕಾಲಿಗೆ ಏನೂ ಆಗಿಲ್ಲ, ಸೊಂಟದ ಡಿಸ್ಕ್ ಅನ್ನುತ್ತಾರೆ. ಎಂಆರ್‌ಐಯಲ್ಲಿ ಎಲ್ 4-5, ಅಂದರೆ ಸೊಂಟದ 4 ಮತ್ತು 5ನೇ ಮಣಿಯ ನಡುವೆ, ಅಂತ ಇದೆ. ಡಾಕ್ಟರು ಎಲ್ 5 ನರ ಒತ್ತಿದೆ ಅಂದರು. 4 ಯಾಕಲ್ಲ?

---

ಪಾಠದಕ್ಕ, ಕಾರವಾರ

ತಮ್ಮಾ, ನೀನು ಬರೆದ ದಾರಿ ಇದೆಯಲ್ಲ, ಕುಂಡೆಯಿಂದ ಹೆಬ್ಬೆರಳವರೆಗೆ, ಅದು ಎಲ್ 5 ನರ ಚರ್ಮಕ್ಕೆ ಹೋಗುವ ದಾರಿಯೇ. ನೋವು ಕಿರುಬೆರಳಿನ ಕಡೆಗೆ, ಹಿಮ್ಮಡಿಗೆ ಹೋಗಿದ್ದರೆ ಎಸ್ 1, ಅಂದರೆ ತ್ರಿಕಾಸ್ಥಿಯ ಮೊದಲ ನರ, ಅನ್ನುತ್ತಿದ್ದರು.

ಎಲ್ 4 ಯಾಕಲ್ಲ ಅಂದರೆ, ಆ ನರ 4ನೇ ಮಣಿಯ ಬುಡದಲ್ಲೇ, ಡಿಸ್ಕ್‌ಗಿಂತ ಸ್ವಲ್ಪ ಮೇಲೆಯೇ, ಕಿಂಡಿಯಿಂದ ಹೊರಗೆ ಹೋಗಿಬಿಟ್ಟಿರುತ್ತದೆ. ಡಿಸ್ಕ್ ಸಾಮಾನ್ಯವಾಗಿ ಹಿಂದಕ್ಕೆ, ಪಕ್ಕಕ್ಕೆ ಉಬ್ಬುತ್ತದೆ. ಆ ಜಾಗದಲ್ಲಿ ಕೆಳಗೆ ಹೋಗಲು ಹಾದು ಬರುತ್ತಿರುವುದು ಎಲ್ 5. ಸಿಕ್ಕಿಹಾಕಿಕೊಳ್ಳುವುದು ಅದೇ. ಕಾಲಿನ ಈ ನೋವಿಗೆ ಬೆನ್ನಿನ ಡಿಸ್ಕ್ ಕಾರಣ ಎಂದು ಎಲ್ಲರೂ ಒಪ್ಪಿದ್ದು 1934ರಲ್ಲಿ, ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಬರೆದ ಮೇಲೆ.

ಒಂದು ಮಾತು ಗಟ್ಟಿಯಾಗಿ ನೆನಪಿಡು. ಎರಡೂ ಕಾಲಿಗೆ ನೋವು ಇಳಿದರೆ, ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಬೋಟು ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗು. ಕುದುರೆ ಬಾಲ ಪೂರ್ತಿ ಒತ್ತಿಕೊಂಡಿದೆ ಅಂತ ಅರ್ಥ. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

---

ಪಾಠದಕ್ಕ, ಕಾರವಾರ

ತೋಟದಮನೆಯವರೇ, ನಿನ್ನೆ ಉಳಿಸಿದ್ದು.

ಹುರಿಯನ್ನು ಅಡ್ಡ ಕೊಯ್ದರೆ ಮಧ್ಯದಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿ ಕೂತಂತೆ ಬೂದು ಭಾಗ ಕಾಣುತ್ತದೆ. ಸುತ್ತ ಬಿಳಿ. ಬಿಳಿ ಭಾಗ ಅಂದರೆ ಮೆದುಳಿಗೆ ಹೋಗುವ, ಮೆದುಳಿನಿಂದ ಬರುವ ದಾರಿಗಳು. ಬೂದು ಭಾಗ ದಾರಿ ಅಲ್ಲ, ಅಲ್ಲಿ ಜೀವಕೋಶಗಳು ಕೂತು ಕೆಲಸ ಮಾಡುತ್ತವೆ. ಬೆನ್ನುಹುರಿ ಸುಮ್ನೆ ಒಂದು ತಂತಿ ಅಂದುಕೊಂಡಿರುತ್ತೇವೆ. ಅದು ತಂತಿಯಷ್ಟೇ ಅಲ್ಲ. ತನ್ನ ಮಟ್ಟದಲ್ಲಿ ತಾನೇ ತೀರ್ಮಾನ ಮಾಡುತ್ತದೆ.

ಕಾವಲಿಗೆ ಕೈ ತಾಗಿದರೆ ಮೊದಲು ಕೈ ಹಿಂದೆ ಬರುತ್ತದೆ, ಆಮೇಲೆ ಸುಟ್ಟಿತು ಅಂತ ಗೊತ್ತಾಗುತ್ತದೆ. ಆ ಸುದ್ದಿ ಹುರಿಗೆ ಬಂದು, ಅಲ್ಲೇ ತಿರುಗಿ, ಸ್ನಾಯುವಿಗೆ ಅಪ್ಪಣೆಯಾಗಿ ಹೋಗಿದೆ. ಮೆದುಳಿಗೆ ತಿಳಿಯುವುದು ಆಮೇಲೆ. ಡಾಕ್ಟರು ಮೊಣಕಾಲ ಕೆಳಗೆ ಸುತ್ತಿಗೆಯಿಂದ ತಟ್ಟಿ ನೋಡುವುದೂ ಇದನ್ನೇ. ಅದು ಎಲ್ 3, ಎಲ್ 4ರ ಪರೀಕ್ಷೆ.

ನಿಮ್ಮ ಭಾವನ ಹುರಿಯಲ್ಲಿ ಏಟು ಬಿದ್ದಿರುವುದು ಬೆನ್ನಿನ ಕೊನೆಯ ತುಂಡುಗಳಿಗೆ. ಕಾಲನ್ನು ನೋಡಿಕೊಳ್ಳುವ ಸೊಂಟದ ತುಂಡುಗಳು ಅದಕ್ಕಿಂತ ಕೆಳಗೆ, ಜೀವಂತ ಇವೆ. ಏಟು ಬಿದ್ದ ಹೊಸದರಲ್ಲಿ ಅವೂ ದಂಗಾಗಿ ಸುಮ್ಮನಾಗುತ್ತವೆ. ಇದಕ್ಕೆ ಸ್ಪೈನಲ್ ಶಾಕ್ ಅನ್ನುತ್ತಾರೆ. ಆಗ ಕಾಲು ಬಟ್ಟೆಯಂತೆ ಬಿದ್ದಿರುತ್ತದೆ. ಕೆಲವು ವಾರ ಕಳೆದ ಮೇಲೆ ಎಚ್ಚರಾಗುತ್ತವೆ. ಹೊದಿಕೆ ತಾಗಿತು, ಸುದ್ದಿ ಹೋಯಿತು, ಹುರಿ ಕಾಲು ಮಡಚು ಅಂದಿತು. ಮೊದಲು ಮೆದುಳು ಮೇಲಿಂದ ತಡೆ ಹಾಕುತ್ತಿತ್ತು, ಹೊದಿಕೆ ತಾನೇ, ಬಿಡು ಅನ್ನುತ್ತಿತ್ತು. ಈಗ ಆ ಮಾತು ಕೆಳಗೆ ಇಳಿಯುವುದಿಲ್ಲ. ಅದಕ್ಕೇ ಇಷ್ಟು ಜೋರು.

ಹಾಗಾಗಿ ಈ ಕುಣಿತವನ್ನು ಮಾತ್ರ ನೋಡಿ ಕಾಲು ಬಂತು ಅನ್ನುವ ಹಾಗಿಲ್ಲ. ನಿಜವಾಗಿ ಬಂದಿದೆಯಾ ನೋಡಲು ಬೇರೆ ದಾರಿ ಇದೆ. ಕಾಲು ಮುಟ್ಟಬೇಡಿ. ಭಾವನಿಗೆ ಹೆಬ್ಬೆರಳು ಮೇಲೆತ್ತಿ ಅನ್ನಿ. ನಿಲ್ಲಿಸಿ ಅನ್ನಿ. ಮತ್ತೆ ಎತ್ತಿ ಅನ್ನಿ. ಹೇಳಿದಾಗ ಎದ್ದು, ನಿಲ್ಲಿಸಿ ಅಂದಾಗ ನಿಂತರೆ ಅದು ಮೆದುಳಿನ ಅಪ್ಪಣೆ. ಹಾಗೇ ಮುಂದಿನ ಸಲ ಹೋದಾಗ ಡಾಕ್ಟರರನ್ನು ಕೇಳಿ: ಮಲದ್ವಾರದ ಸುತ್ತ ಸ್ಪರ್ಶ ಇದೆಯಾ, ಅಲ್ಲಿ ಬಿಗಿ ಹಿಡಿಯಲು ಆಗುತ್ತದಾ? ಸಂಕೋಚ ಬೇಡ. ಅದು ಹುರಿಯ ಕಟ್ಟಕಡೆಯ ತುಂಡು, ಎಸ್ 4-5. ಅಲ್ಲಿ ಚೂರಾದರೂ ಉಳಿದಿದ್ದರೆ ಏಟು ಪೂರ್ತಿ ಅಲ್ಲ ಎಂದು ಲೆಕ್ಕ, ಸುಧಾರಿಸುವ ಅವಕಾಶ ಜಾಸ್ತಿ. ಫೈಲಿನಲ್ಲಿ ಏಟಿನ ದರ್ಜೆ ಹೇಳಲು ಏಎಸ್ಐಎ (ASIA) ಅಂತ ಬರೆದು ಪಕ್ಕದಲ್ಲಿ ಎ, ಬಿ, ಸಿ, ಡಿ ಏನಾದರೂ ಇರಬಹುದು, ನೋಡಿ. ಎ ಅಂದರೆ ಪೂರ್ತಿ ಏಟು.

---

ತೋಟದಮನೆ, ಶಿರಸಿ

ನೋಡಿದೆ ಅಕ್ಕ. ಎ ಅಂತ ಇದೆ.

ಹೆಬ್ಬೆರಳಿನದೂ ಮಾಡಿ ನೋಡಿದೆವು. ಭಾವ ಕಣ್ಣು ಮುಚ್ಚಿ ಹಲ್ಲು ಕಚ್ಚಿ ಎತ್ತುತ್ತಿದ್ದರು, ಹಣೆ ಬೆವರಿತು. ಬೆರಳು ಅಲ್ಲಾಡಲಿಲ್ಲ. ಎತ್ತಿದೆನಾ ಅಂತ ನನ್ನನ್ನು ಕೇಳಿದರು.

ಇನ್ನೊಂದು ಹೇಳಿಬಿಡುತ್ತೇನೆ. ಬಿದ್ದಾಗ ನಾನೂ ಕೆಲಸದವನೂ ಇದ್ದೆವು. ನಾನು ಕಂಕುಳಿಗೆ ಕೈ ಹಾಕಿದೆ, ಅವನು ಕಾಲು ಹಿಡಿದ. ಕಂಬಳಿಯಲ್ಲಿ ಮಲಗಿಸಿ ತೋಟದಿಂದ ಮೇಲೆ ತಂದು ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿದೆವು. ನಾನೇ ಹಾಳು ಮಾಡಿದೆನಾ?

---

ಹದಿನಾರು ವರ್ಷ ಸ್ಟೇರಿಂಗ್, ಯಲ್ಲಾಪುರ

ಅಣ್ಣಾ, ನಾನು ಅಂಬ್ಯುಲೆನ್ಸ್ ಓಡಿಸುವವ. ಅರಬೈಲ್ ಘಟ್ಟದಲ್ಲಿ ಎಷ್ಟೋ ಜನರನ್ನು ಎತ್ತಿದ್ದೇನೆ. ಇಪ್ಪತ್ತೈದು ಅಡಿ ಮೇಲಿಂದ ಬೆನ್ನು ಬಡಿದು ಬಿದ್ದರೆ ಹುರಿಗೆ ಆಗುವ ಏಟಿನ ದೊಡ್ಡ ಪಾಲು ಆ ಕ್ಷಣದಲ್ಲೇ ಆಗಿರುತ್ತದೆ. ನಿಮ್ಮ ಕೈಯಿಂದ ಎಷ್ಟು ಆಯಿತು ಅಂತ ಯಾರೂ ಅಳೆದು ಹೇಳಲು ಆಗುವುದಿಲ್ಲ. ನೀವು ಹೊತ್ತು ತಂದಿದ್ದಕ್ಕೆ ಅವರು ಬದುಕಿದ್ದಾರೆ.

ಆದರೆ ಓದುವ ಉಳಿದವರಿಗೆ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಕಂಬಳಿ, ಸೀರೆ, ಜೋಲಿ ಇದೇ ರೂಢಿ. ಜೋಲಿಯಲ್ಲಿ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಮುರಿದ ಮಣಿ ಸರಿದು ಹುರಿಯನ್ನು ಇನ್ನಷ್ಟು ಒತ್ತಬಹುದು. ಮರದಿಂದ ಬಿದ್ದವರಿಗೆ ಎಚ್ಚರ ಇದ್ದರೆ, ಉಸಿರು ಇದ್ದರೆ, ಗಡಿಬಿಡಿ ಬೇಡ. ಅಲ್ಲೇ ಇರಲಿ. ಒಬ್ಬರು ತಲೆಯ ಹತ್ತಿರ ಕೂತು ಎರಡೂ ಕೈಯಿಂದ ತಲೆಯನ್ನು ಅಲುಗದಂತೆ ಹಿಡಿಯಬೇಕು. 108ಕ್ಕೆ ಫೋನ್ ಮಾಡಿ. ಎತ್ತಲೇಬೇಕಾದರೆ ನಾಲ್ಕು ಜನ ಬೇಕು. ತಲೆ ಹಿಡಿದವನು ಎಣಿಸುತ್ತಾನೆ, ಮೂರು ಅಂದಾಗ ಎಲ್ಲರೂ ಒಟ್ಟಿಗೆ ದಿಮ್ಮಿ ಉರುಳಿಸಿದ ಹಾಗೆ ಒಂದು ಮಗ್ಗುಲಿಗೆ ತಿರುಗಿಸಿ, ಹಲಗೆ ಕೆಳಗೆ ತೂರಿಸಿ, ವಾಪಸ್ ಉರುಳಿಸುವುದು. ತಲೆ, ಭುಜ, ಸೊಂಟ ಒಂದೇ ಗೆರೆಯಲ್ಲಿ ಇರಬೇಕು. ಹಲಗೆ ಇಲ್ಲ ಅಂದರೆ ಕೊಟ್ಟಿಗೆಯ ಬಾಗಿಲು ಕಳಚಿ. ಅಡಿಕೆ ದಬ್ಬೆ ಐದಾರು ಸೇರಿಸಿ ಬಿಗಿಯಾಗಿ ಕಟ್ಟಿದರೂ ಆಗುತ್ತದೆ, ತೋಟದಲ್ಲಿ ಅದಕ್ಕೇನು ಬರ? ನೀರು ಕುಡಿಸಬೇಡಿ. ಕೂರಿಸಬೇಡಿ.

---

ಗಾಲಿಕುರ್ಚಿ 12 ವರ್ಷ, ಸಿದ್ದಾಪುರ

ತೋಟದಮನೆ ತಮ್ಮಾ, ಎ ಅಂತ ಓದಿದ ರಾತ್ರಿ ನನಗೂ ಗೊತ್ತು.

ನಾನು ಮನೆ ಮಾಡಿನ ಹಂಚು ತಿರುವುವಾಗ ಬಿದ್ದವ. ನನ್ನದು ಡಿ 12. ನಿಮ್ಮ ಭಾವನಿಗಿಂತ ಮೂರೇ ಮಣಿ ಕೆಳಗೆ, ಆದರೆ ನನ್ನ ಕಾಲು ಇಷ್ಟು ವರ್ಷದಲ್ಲಿ ಒಮ್ಮೆಯೂ ಕುಣಿದಿಲ್ಲ. ಸೊರಗಿ ಹೋಗಿವೆ. ಯಾಕೆ ಅಂತ ನನಗೆ ಫಿಸಿಯೋದವರು ಹೇಳಿದ್ದರು: ಆ ಮಣಿಯ ಹಿಂದೆ ಕಾಲಿನ ಕೋಶಗಳೇ ಇರುತ್ತವಂತೆ, ಕೆಳಗಿಳಿಯುವ ಬೇರುಗಳೂ ಅಲ್ಲೇ ಒಟ್ಟಾಗಿರುತ್ತವಂತೆ. ನನ್ನದು ಎರಡೂ ಜಜ್ಜಿ ಹೋದವು. ಮೆದುಳಿಗೂ ಇಲ್ಲ, ಹುರಿಗೂ ಇಲ್ಲ. ಮೂರು ಮಣಿಯ ಅಂತರದಲ್ಲಿ ಎರಡು ಬೇರೆ ಬೇರೆ ಕಾಯಿಲೆ. ಹಾಗಾಗಿ ಇನ್ನೊಬ್ಬರ ಔಷಧಿ, ಇನ್ನೊಬ್ಬರ ಕಥೆ ಕೇಳಿ ನಿಮ್ಮ ಭಾವನಿಗೆ ಹೋಲಿಸಬೇಡಿ.

ಮೂತ್ರದ ವಿಷಯ ಕೇಳಿದ್ದೀರಿ. ಮೂತ್ರಚೀಲ ತುಂಬಿದ ಸುದ್ದಿ ಹೋಗುವುದು, ಹಿಂಡು ಅನ್ನುವ ಅಪ್ಪಣೆ ಬರುವುದು ಮುಖ್ಯವಾಗಿ ಎಸ್ 2, 3, 4ರಿಂದ. ಹುರಿಯ ತುತ್ತತುದಿ. ಮೇಲೆ ಎಲ್ಲಿ ಕತ್ತರಿಸಿದರೂ ಆ ದಾರಿ ತಪ್ಪುತ್ತದೆ. ನನ್ನ ಚೀಲ ಸಡಿಲ, ತಾನಾಗಿ ಹಿಂಡುವುದೇ ಇಲ್ಲ. ನಾಲ್ಕೈದು ಗಂಟೆಗೊಮ್ಮೆ ನಾನೇ ತೆಳು ಕ್ಯಾಥೆಟರ್ ಹಾಕಿ ಖಾಲಿ ಮಾಡಿ ತೆಗೆಯುತ್ತೇನೆ. ಕಲಿಯಲು ಒಂದು ವಾರ ಸಾಕಾಯಿತು. ಅದನ್ನು ಕಲಿತ ಮೇಲೆ ಮದುವೆಗೆ ಹೋದೆ, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದೆ. ಯಾವಾಗಲೂ ಕೊಳವೆ ಮತ್ತು ಚೀಲ ನೇತುಹಾಕಿಕೊಂಡು ಇರಬೇಕಾಗಿಲ್ಲ.

---

ಫಿಸಿಯೋ, ಕುಮಟಾ

ಸಿದ್ದಾಪುರದ ಅಣ್ಣ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಡಿ 9ರವರ ಮೂತ್ರಚೀಲ ಕಾಲಿನ ಹಾಗೆಯೇ ತಾನಾಗಿ ಹಿಂಡಲು ಶುರು ಮಾಡಬಹುದು, ಅದೇ ಹೊತ್ತಿಗೆ ಚೀಲದ ಬಾಯಿ ಬಿಗಿ ಹಿಡಿಯಬಹುದು. ಒಳಗೆ ಒತ್ತಡ ಏರಿ ಕಿಡ್ನಿಗೆ ತೊಂದರೆ. ಹೊರಗೆ ಏನೂ ಗೊತ್ತಾಗುವುದಿಲ್ಲ. ಮೂತ್ರಚೀಲದ ಒತ್ತಡ ನೋಡುವ ಪರೀಕ್ಷೆ ಇದೆ, ಯೂರಾಲಜಿ ಡಾಕ್ಟರರನ್ನು ಕೇಳಿ.

ಇನ್ನು ಚರ್ಮ. ನಾವು ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ, ಯಾಕೆಂದರೆ ಒತ್ತಿದ ಜಾಗ ನೋವು ಕೊಡುತ್ತದೆ. ಭಾವನಿಗೆ ಆ ಸುದ್ದಿ ಬರುವುದಿಲ್ಲ. ಬಾಲದೆಲುಬು, ಹಿಮ್ಮಡಿ, ಸೊಂಟದ ಪಕ್ಕದ ಎಲುಬು, ಇಲ್ಲಿ ಚರ್ಮ ಕೊಳೆಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿ ಕೂಡ. ದಿನಕ್ಕೆರಡು ಸಲ ಕನ್ನಡಿ ಹಿಡಿದು ನೋಡಿ. ಕೆಂಪಾದ ಜಾಗಕ್ಕೆ ಬೆರಳು ಒತ್ತಿ ಬಿಟ್ಟಾಗ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಆ ಮಗ್ಗುಲಿಗೆ ಮತ್ತೆ ಮಲಗಿಸಲೇಬೇಡಿ.

ಯಾರಾದರೂ ಬಂದು ಬಿಸಿ ಉಪ್ಪಿನ ಗಂಟು ಇಡಿ, ಕಾಲಿಗೆ ಶಾಖ ಕೊಡಿ ಅಂದೇ ಅನ್ನುತ್ತಾರೆ. ದಯವಿಟ್ಟು ಬೇಡ. ಹೋದ ವರ್ಷ ಒಬ್ಬರನ್ನು ನೋಡಿದೆ. ಮನೆಯವರು ಪ್ರೀತಿಯಿಂದ ಬಿಸಿನೀರಿನ ಚೀಲ ಇಟ್ಟು ಅಡುಗೆಮನೆಗೆ ಹೋಗಿದ್ದಾರೆ. ಹಿಂಗಾಲು ಅಂಗೈಯಗಲ ಸುಟ್ಟಿತ್ತು. ಅವರಿಗೆ ಗೊತ್ತಾದದ್ದು ಸಂಜೆ, ವಾಸನೆ ಬಂದಾಗ. ಆ ಗಾಯ ಮಾಯಲು ನಾಲ್ಕು ತಿಂಗಳು ಬೇಕಾಯಿತು. ಎಣ್ಣೆ ಹಚ್ಚಿ ಮೆತ್ತಗೆ ಸವರಿದರೆ ತೊಂದರೆ ಇಲ್ಲ, ಬಿಸಿ ಮಾತ್ರ ಬೇಡ.

ಕಾಲು ಕುಣಿಯುವುದು ದಿಢೀರನೆ ಜಾಸ್ತಿಯಾದರೆ ಅದೂ ಒಂದು ಸುದ್ದಿ ಅಂದುಕೊಳ್ಳಿ. ಮೂತ್ರದಲ್ಲಿ ಸೋಂಕು, ಮಲ ಕಟ್ಟಿರುವುದು, ಉಗುರು ಚುಚ್ಚಿರುವುದು, ಎಲ್ಲೋ ಏನೋ ಇದೆ. ಅವರು ನೋವು ಅಂತ ಹೇಳಲಾರರು, ಕಾಲು ಹೇಳುತ್ತದೆ.

ಡಿ 6 ಅಥವಾ ಅದಕ್ಕಿಂತ ಮೇಲೆ ಏಟಾದವರು ಯಾರಾದರೂ ಓದುತ್ತಿದ್ದರೆ: ತಟ್ಟನೆ ತಲೆ ಸಿಡಿಯುವ ನೋವು, ಮುಖ ಕೆಂಪು, ಬೆವರು ಬಂದರೆ ಬಿಪಿ ಏರಿದೆ. ತಕ್ಷಣ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾಥೆಟರ್ ಮಡಚಿದೆಯಾ ನೋಡಿ. ಬಹಳ ಸಲ ಅದೇ ಕಾರಣ. ಇಳಿಯದಿದ್ದರೆ ಆಸ್ಪತ್ರೆಗೆ.

---

ಬಾಣಂತಿ, ಅಂಕೋಲಾ

ಇಷ್ಟು ದೊಡ್ಡ ಕಷ್ಟದ ನಡುವೆ ಸಣ್ಣ ಪ್ರಶ್ನೆ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಹುರಿಗೆ ಚುಚ್ಚಿರುತ್ತಾರೆ, ಜನ್ಮಪೂರ್ತಿ ಸೊಂಟನೋವು ಅಂತ ಅತ್ತೆ ಹೆದರಿಸುತ್ತಾರೆ.

---

ಪಾಠದಕ್ಕ, ಕಾರವಾರ

ಹುರಿ ಮುಗಿಯುವ ಜಾಗ ಮೇಲೆ ಹೇಳಿದೆನಲ್ಲ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಸೊಂಟದ 3-4 ಅಥವಾ 4-5ನೇ ಮಣಿಯ ನಡುವೆ. ಎರಡೂ ಸೊಂಟದೆಲುಬಿನ ಮೇಲ್ತುದಿ ಸೇರಿಸಿ ಗೆರೆ ಎಳೆದರೆ 4ನೇ ಮಣಿ ಸಿಗುತ್ತದೆ, ಡಾಕ್ಟರರು ಬೆನ್ನು ಸವರಿ ಹುಡುಕುವುದು ಅದನ್ನೇ. ಅಲ್ಲಿ ಇರುವುದು ನೀರಿನಲ್ಲಿ ತೇಲುವ ಕುದುರೆ ಬಾಲ, ಸೂಜಿ ಬಂದರೆ ಎಳೆಗಳು ಪಕ್ಕಕ್ಕೆ ಸರಿಯುತ್ತವೆ. ಆಗಸ್ಟ್ ಬಿಯರ್ 1898ರಲ್ಲಿ ಮೊದಲು ಮಾಡಿದ್ದು, ಅಂದಿನಿಂದ ನಡೆದು ಬಂದಿದೆ. ಬಾಣಂತಿಯ ಸೊಂಟನೋವಿಗೆ ಬಸುರಿಯ ಭಾರ, ಮಗುವನ್ನು ಬಗ್ಗಿ ಎತ್ತುವುದು, ನಿದ್ದೆಗೇಡು, ಇವೇ ಹೆಚ್ಚಿನ ಕಾರಣ. ಅತ್ತೆಗೆ ಓದಿ ಹೇಳು.

---

ಮಾವಿನಮರ, ಹೊನ್ನಾವರ

ನರದ ದಾರಿ ಅಂದಿರಲ್ಲ, ನನ್ನ ಅಮ್ಮನಿಗೆ ಬೆನ್ನಿನಿಂದ ಹೊಟ್ಟೆವರೆಗೆ ಬಲಬದಿಯಲ್ಲಿ ಪಟ್ಟಿ ಕಟ್ಟಿದ ಹಾಗೆ ಗುಳ್ಳೆ ಎದ್ದಿದೆ, ನಿನ್ನೆಯಿಂದ. ಸರ್ಪಸುತ್ತು, ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಅಂತ ಎಲ್ಲ ಹೆದರಿಸಿದ್ದಾರೆ. ಕೆಮ್ಮಣ್ಣು ಹಚ್ಚಿದ್ದೇವೆ.

---

ಪಾಠದಕ್ಕ, ಕಾರವಾರ

ಇವತ್ತೇ ಡಾಕ್ಟರರಿಗೆ ತೋರಿಸಿ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಬಂದಿತ್ತಲ್ಲ, ಅದೇ ವೈರಸ್. ಅದು ವಾಸಿಯಾದ ಮೇಲೂ ನರದ ಹಿಂದಿನ ಬೇರಿನ ಗಂಟಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ವಯಸ್ಸಾದಾಗ, ಶಕ್ತಿ ಕುಂದಿದಾಗ ಎದ್ದು, ಆ ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಒಂದು ನರ ಒಂದೇ ಬದಿಯ ಚರ್ಮಕ್ಕೆ ಹೋಗುವುದು, ಹೊಟ್ಟೆಯ ನಡುಗೆರೆಯವರೆಗೆ ಮಾತ್ರ. ಹಾಗಾಗಿ ಸಾಮಾನ್ಯವಾಗಿ ಅದು ಸುತ್ತು ಬರುವುದೇ ಇಲ್ಲ. ತಲೆ ಬಾಲದ ಹೆದರಿಕೆ ಬೇಡ. ಮಣ್ಣು ತೊಳೆಯಿರಿ, ಗುಳ್ಳೆ ಒಡೆದರೆ ಸೋಂಕಾಗುತ್ತದೆ. ಗುಳ್ಳೆ ಕಣ್ಣಿನ ಹತ್ತಿರ ಬಂದರೆ ಒಂದು ಗಂಟೆಯೂ ತಡ ಮಾಡಬೇಡಿ.

---

ತೋಟದಮನೆ, ಶಿರಸಿ

ಎಲ್ಲರ ಮಾತೂ ಓದಿದೆ. ನಿನ್ನೆ ಅಕ್ಕನಿಗೆ ಹೇಳಿದೆ. ಪಾಠದಕ್ಕನ ಬರಹವನ್ನೇ ಓದಿ ಹೇಳಿದೆ, ನನ್ನ ಮಾತಲ್ಲಿ ಹೇಳಲು ಆಗಲಿಲ್ಲ. ಅಕ್ಕ ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಕಾಲು ಜೋರು ಕುಣಿದ ದಿನ ಮೂತ್ರ ಪರೀಕ್ಷೆ ಮಾಡಿಸಬೇಕು ಅಲ್ವಾ ಅಂದಳು. ಕನ್ನಡಿ ಅವಳೇ ತಂದಿಟ್ಟಿದ್ದಾಳೆ. ಬಲ ಹಿಮ್ಮಡಿ ಕೆಂಪಾಗಿತ್ತು, ಒತ್ತಿದರೆ ಬೆಳ್ಳಗಾಯಿತು. ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ತೇಲಿಸಿದ್ದೇವೆ.

ಭಾವ ಒಂದೇ ಪ್ರಶ್ನೆ ಕೇಳಿದರು. ಸಿದ್ದಾಪುರದವರು ತೋಟಕ್ಕೆ ಹೋಗುತ್ತಾರಾ ಅಂತ.

---

ಗಾಲಿಕುರ್ಚಿ 12 ವರ್ಷ, ಸಿದ್ದಾಪುರ

ತೋಟದೊಳಗೆ ಇಳಿಯಲಾರೆ, ತೋಟದ ಬಾಯಿವರೆಗೆ ಹೋಗುತ್ತೇನೆ. ಲೆಕ್ಕ, ವ್ಯಾಪಾರ, ಅಡಿಕೆ ಸುಲಿಸುವ ಮೇಸ್ತ್ರಿಕೆ ಎಲ್ಲ ನನ್ನದೇ. ಈಗ ನಮ್ಮಲ್ಲಿ ಯಾರೂ ಮರ ಹತ್ತುವುದಿಲ್ಲ, ಫೈಬರ್ ದೋಟಿ ತಂದಿದ್ದೇವೆ, ನೆಲದ ಮೇಲೆ ನಿಂತೇ ಕೊನೆ ತೆಗೆಯುತ್ತಾರೆ, ಔಷಧಿಯೂ ಹೊಡೆಯುತ್ತಾರೆ.

ಭಾವನಿಗೆ ಒಂದು ಹೆಸರು ಹೇಳಿ, ಮೇರಿ ವರ್ಗೀಸ್. ವೆಲ್ಲೂರಿನ ಡಾಕ್ಟರ್. 1954ರಲ್ಲಿ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಏಟಾಗಿ ಕಾಲು ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. ಕೂತು ಮಾಡಬಹುದಾದ ಆಪರೇಷನ್ ಅದು. ಆಮೇಲೆ ನಮ್ಮಂಥವರಿಗಾಗಿಯೇ ಅಲ್ಲಿ 1966ರಲ್ಲಿ ಪುನರ್ವಸತಿ ಕೇಂದ್ರ ಶುರುವಾಗಲು ಅವರೇ ಮುಂದೆ ನಿಂತರು. ನಾನು ಬದುಕಲು ಕಲಿತಿದ್ದು ಅಂಥ ಕೇಂದ್ರವೊಂದರಲ್ಲೇ. ಎರಡು ತಿಂಗಳು ಭಾವನನ್ನು ಪುನರ್ವಸತಿಗೆ ಕರೆದುಕೊಂಡು ಹೋಗಿ, ಅಕ್ಕನೂ ಜೊತೆಗೆ ಹೋಗಲಿ. ಭಾವನ ಹೊಟ್ಟೆಯ ಸ್ನಾಯು ಬಹಳಷ್ಟು ಉಳಿದಿರುತ್ತದೆ, ಕೈ ಪೂರ್ತಿ ಇದೆ. ಮಂಚದಿಂದ ಕುರ್ಚಿಗೆ ತಾವೇ ದಾಟುವುದನ್ನು ಕಲಿಯುತ್ತಾರೆ.

ಅಲ್ಲಿವರೆಗೆ ಮನೆಯಲ್ಲಿ ಎರಡು ಕೆಲಸ ಮಾಡಿಸಿ. ಮಂಚದ ಕಾಲು ಕೊಯ್ಸಿ, ಹಾಸಿಗೆ ಸೇರಿ ಎತ್ತರ ಕುರ್ಚಿಯ ಸೀಟಿನಷ್ಟೇ ಇರಬೇಕು. ಬಚ್ಚಲಿನ ಬಾಗಿಲು 32 ಇಂಚಾದರೂ ಇರಲಿ, ಹೊಸ್ತಿಲು ತೆಗೆಸಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಹೊಸ್ತಿಲು ಒಂದು ಗೇಣು ಇರುತ್ತದೆ. ಬಡಗಿ ಸಿಗದಿದ್ದರೆ ತಿಳಿಸಿ, ನಮ್ಮ ಮನೆಗೆ ಮಾಡಿದವರನ್ನು ಕಳಿಸುತ್ತೇನೆ. ಅಳತೆ ಎಲ್ಲ ಅವರಿಗೆ ಗೊತ್ತಿದೆ.